ಶುಗರ್ ಇದ್ದವರ ಬದಲಿ ಸಿಹಿ: ಮಾಡಬೇಕಾದ್ದು, ಮಾಡಬಾರದ್ದು

ಯಾರಿಗೆ: ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಪೀಣ್ಯದಲ್ಲಿ ಪಾಳಿ ಮೇಲೆ ದುಡಿಯುವ, ಶುಗರ್ ಇರುವ ಎಲ್ಲರಿಗೂ. ಅವರಿಗೆ ಟೀ ಕೊಡುವವರಿಗೆ. ಅವರ ಪಕ್ಕದ ಮೆಷಿನ್‌ನಲ್ಲಿ ನಿಲ್ಲುವವರಿಗೆ, ಪಕ್ಕದ ಕುರ್ಚಿಯಲ್ಲಿ ಕೂರುವವರಿಗೆ.

ತಪ್ಪಿದರೆ ಏನಾಗುತ್ತದೆ

ರಕ್ತದ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಕಣ್ಣು, ಕಿಡ್ನಿ, ಕಾಲಿನ ನರ, ಹೃದಯ ಹಾಳಾಗುತ್ತವೆ. ಸಕ್ಕರೆ ಹಠಾತ್ತನೆ ಇಳಿದಾಗ ಬಾಯಿಗೆ ಬದಲಿ ಸಿಹಿ ಬಿದ್ದರೆ ಸಕ್ಕರೆ ಏರದೆ, ಇಳಿಯುತ್ತಲೇ ಹೋಗಿ ಮನುಷ್ಯ ಪ್ರಜ್ಞೆ ತಪ್ಪಬಹುದು. ಪವರ್ ಪ್ರೆಸ್ ಮುಂದೆಯೋ ಹೊಸೂರು ರಸ್ತೆಯಲ್ಲಿ ಬೈಕ್ ಮೇಲೋ ಹೀಗಾದರೆ ಜೀವವೇ ಹೋಗಬಹುದು.

ಬದಲಿ ಸಿಹಿ ಅಂದರೆ ಸಕ್ಕರೆಯ ಜಾಗದಲ್ಲಿ ಹಾಕುವ ಮಾತ್ರೆ, ಪುಡಿ, ಹನಿ. ಅದು ಶುಗರ್‌ಗೆ ಮದ್ದಲ್ಲ. ನೀವು ನಿಜವಾಗಿ ಹಾಕುತ್ತಿದ್ದ ಸಕ್ಕರೆಯನ್ನು ತೆಗೆದು ಆ ಜಾಗಕ್ಕೆ ಹಾಕಿದರೆ ಮಾತ್ರ ಉಪಯೋಗ.

ಲೆಕ್ಕ ನೋಡಿ. ಒಂದು ಚಮಚ ಸಕ್ಕರೆ ಸುಮಾರು 5 ಗ್ರಾಂ. ಪಾಳಿಗೆ ಐದು ಲೋಟ ಟೀ, ಲೋಟಕ್ಕೆ ಎರಡು ಚಮಚ: 50 ಗ್ರಾಂ, 200 ಕ್ಯಾಲರಿ. ದಿನಕ್ಕೆ 2,000 ಕ್ಯಾಲರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮೇಲ್ಮಿತಿಯೇ 50 ಗ್ರಾಂ. 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ಅದು. ಟೀಯಲ್ಲೇ ದಿನದ ಮಿತಿ ಮುಗಿಯಿತು.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಶುಗರ್ ಇರುವವರು 10.1 ಕೋಟಿ, ಅಂಚಿನಲ್ಲಿರುವವರು 13.6 ಕೋಟಿ. ನಿಮ್ಮ ಲೈನ್‌ನಲ್ಲಿ, ನಿಮ್ಮ ಟೀಮ್‌ನಲ್ಲಿ ಒಬ್ಬರಾದರೂ ಇರುತ್ತಾರೆ ಎಂದುಕೊಂಡೇ ಓದಿ.

1. ಸಕ್ಕರೆ ಇಳಿದಾಗ (ಇದನ್ನು ಮೊದಲು ಓದಿ)

ಲಕ್ಷಣ: ತಣ್ಣನೆಯ ಬೆವರು, ಕೈ ನಡುಕ, ವಿಪರೀತ ಹಸಿವು, ಎದೆ ಡವಡವ, ಕಣ್ಣು ಮಂಜು, ತೊದಲು ಮಾತು, ಕಾರಣವಿಲ್ಲದ ಸಿಟ್ಟು.

ಮಾಡಬೇಕಾದ್ದು

- ಕೆಲಸ ತಕ್ಷಣ ನಿಲ್ಲಿಸಿ. ಮೆಷಿನ್ ಆಫ್ ಮಾಡಿ, ಗಾಡಿ ಪಕ್ಕಕ್ಕೆ ಹಾಕಿ, ಕೂತುಕೊಳ್ಳಿ.
- ಗ್ಲೂಕೋಮೀಟರ್ ಕೈಗೆಟಕುವಂತಿದ್ದರೆ ಪರೀಕ್ಷಿಸಿ. 70ಕ್ಕಿಂತ ಕೆಳಗಿದ್ದರೆ ಅದು ಲೋ ಶುಗರ್.
- ಮೀಟರ್ ಇಲ್ಲದಿದ್ದರೆ ಲಕ್ಷಣ ನೋಡಿಯೇ ಚಿಕಿತ್ಸೆ ಶುರು ಮಾಡಿ.
- ಮೂರು ಚಮಚ ಗ್ಲೂಕೋಸ್ ಪುಡಿ, ಅಂದರೆ ಸುಮಾರು 15 ಗ್ರಾಂ, ನೀರಿಗೆ ಹಾಕಿ ಕುಡಿಯಿರಿ.
- ಗ್ಲೂಕೋಸ್ ಇಲ್ಲದಿದ್ದರೆ ಮೂರು ಚಮಚ ಮಾಮೂಲಿ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. ಅರ್ಧ ಲೋಟ ಮಾಮೂಲಿ ಕೂಲ್‌ಡ್ರಿಂಕ್ ಆದರೂ ಆಗುತ್ತದೆ.
- 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ.
- ಸರಿಹೋದ ಮೇಲೆ ಎರಡು ಇಡ್ಲಿಯೋ ಒಂದು ಬಾಳೆಹಣ್ಣೋ ತಿನ್ನಿ.
- ನಿಮ್ಮ ಮಾತ್ರೆಯ ಹಾಳೆ ಈಗಲೇ ನೋಡಿ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂದಿದ್ದರೆ ಗ್ಲೂಕೋಸ್ ಮಾತ್ರ ಬಳಸಿ. ಈ ಔಷಧಿ ಒಳಗಿದ್ದಾಗ ಮಾಮೂಲಿ ಸಕ್ಕರೆ ಹೊಟ್ಟೆಯಲ್ಲಿ ಬೇಗ ಒಡೆಯುವುದಿಲ್ಲ. ಒಂದೇ ಮಾತ್ರೆಯಲ್ಲಿ ಮೂರು ಔಷಧಿ ಸೇರಿಸಿದ ಹಾಳೆಗಳಲ್ಲಿ ವೋಗ್ಲಿಬೋಸ್ ಹೆಸರು ಕೊನೆಯ ಸಾಲಿನಲ್ಲಿರಬಹುದು.
- ಎರಡು ಸಲ ಕೊಟ್ಟರೂ ಏರದಿದ್ದರೆ 108ಕ್ಕೆ ಫೋನ್ ಮಾಡಿ.
- ಪ್ರಜ್ಞೆ ತಪ್ಪಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ, ಜೊತೆಗೇ ಇರಿ.

ಮಾಡಬಾರದ್ದು

- ಶುಗರ್‌ಫ್ರೀ ಮಾತ್ರೆ ಹಾಕಿದ ಟೀ ಬೇಡ.
- 'ಡಯಟ್', 'ಜೀರೋ' ಎಂದು ಬರೆದ ಕೂಲ್‌ಡ್ರಿಂಕ್ ಬೇಡ. ಅದರಲ್ಲಿ ಏರಿಸುವ ಸಕ್ಕರೆಯೇ ಇಲ್ಲ.
- ಚಾಕೊಲೇಟ್, ಐಸ್‌ಕ್ರೀಂ, ಮೈಸೂರುಪಾಕ್ ಬೇಡ. ಅದರ ಕೊಬ್ಬು ಸಕ್ಕರೆಯನ್ನು ತಡಮಾಡುತ್ತದೆ.
- ಪ್ರಜ್ಞೆ ಇಲ್ಲದವರ ಬಾಯಿಗೆ ನೀರು, ಸಕ್ಕರೆ, ಏನನ್ನೂ ಹಾಕಬಾರದು. ಉಸಿರುಗೊಳವೆಗೆ ಇಳಿಯುತ್ತದೆ.
- 'ಕುಡಿದು ಬಂದಿದ್ದಾನೆ' ಎಂದು ತೀರ್ಮಾನಿಸಿ ಗೇಟ್ ಹೊರಗೆ ಕಳುಹಿಸಬಾರದು.
- ಲೋ ಆದವರನ್ನು ಒಬ್ಬರನ್ನೇ ರೆಸ್ಟ್ ರೂಮಿಗೆ, ಟಾಯ್ಲೆಟ್ಟಿಗೆ ಬಿಡಬಾರದು.
- ಸರಿಹೋಯಿತು ಎಂದ ಕೂಡಲೇ ಬೈಕ್ ಹತ್ತುವುದು ಬೇಡ.
- ಲೋ ಆಗಿದ್ದನ್ನು ಡಾಕ್ಟರಿಂದ ಮುಚ್ಚಿಡಬಾರದು.

2. ಡಬ್ಬಿ ಕೊಳ್ಳುವಾಗ

ಮಾಡಬೇಕಾದ್ದು

- ಡಬ್ಬಿ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ಕಾಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ.
- 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ ಹುಡುಕಿ.
- ಬಳಕೆಯ ಕೊನೆಯ ತಾರೀಖು ನೋಡಿ.
- ಒಳಗಿರುವ ಸಿಹಿಯ ಹೆಸರೇನು ನೋಡಿ. ಹೆಸರಿನ ಬದಲು ಸಂಖ್ಯೆ ಇದ್ದರೆ ಮುಂದಿನ ಪಟ್ಟಿಗೆ ಹೋಲಿಸಿ.
- ಪುಡಿಯಾದರೆ ಡೆಕ್ಸ್‌ಟ್ರೋಸ್, ಮಾಲ್ಟೋಡೆಕ್ಸ್‌ಟ್ರಿನ್ ಇದೆಯೇ ನೋಡಿ. ಪುಡಿಯ ಗಾತ್ರ ಹೆಚ್ಚಿಸಲು ಇವನ್ನು ಸೇರಿಸುತ್ತಾರೆ. ಚಮಚಗಟ್ಟಲೆ ಹಾಕಿದರೆ ರಕ್ತದ ಸಕ್ಕರೆ ಏರುತ್ತದೆ.
- ಒಂದು ಮಾತ್ರೆ ಎಷ್ಟು ಚಮಚ ಸಕ್ಕರೆಯ ಸಿಹಿಗೆ ಸಮ ಎಂಬುದನ್ನು ಡಬ್ಬಿಯ ಮೇಲೆಯೇ ಓದಿ.
- ಮೊದಲ ಸಲ ಚಿಕ್ಕ ಡಬ್ಬಿ ಕೊಳ್ಳಿ. ರುಚಿಗೂ ಹೊಟ್ಟೆಗೂ ಹೊಂದುತ್ತದೆಯೇ ಒಂದು ವಾರ ನೋಡಿ.

ಮಾಡಬಾರದ್ದು

- ಡಬ್ಬಿಯ ಮುಂದಿರುವ ಹಸಿರೆಲೆಯ ಚಿತ್ರ ನೋಡಿ ಕೊಳ್ಳುವುದು ಬೇಡ.
- 'ಸ್ಟೀವಿಯಾ' ಎಂದು ದಪ್ಪಕ್ಷರದಲ್ಲಿದ್ದರೆ ಪೂರ್ತಿ ಸ್ಟೀವಿಯಾ ಎಂದು ನಂಬುವುದು ಬೇಡ. ಮುಕ್ಕಾಲು ಮೀರಿ ಎರಿಥ್ರಿಟಾಲ್ ಎಂಬ ಬೇರೆ ಸಿಹಿ ತುಂಬಿದ ಡಬ್ಬಿಗಳೂ ಇವೆ.
- ಲೇಬಲ್ ಇಲ್ಲದೆ ಪೊಟ್ಟಣ ಕಟ್ಟಿ ಕೊಡುವ ಹರಳು, ಪುಡಿ ಬೇಡ.
- ಒಂದೇ ಬ್ರಾಂಡಿನ ಬೇರೆ ಬಣ್ಣದ ಡಬ್ಬಿಯಲ್ಲೂ ಅದೇ ಇದೆ ಎಂದು ಊಹಿಸುವುದು ಬೇಡ.
- ಆ್ಯಪ್‌ನಲ್ಲಿ ಮುಂಭಾಗದ ಫೋಟೊ ಮಾತ್ರ ನೋಡಿ ಆರ್ಡರ್ ಮಾಡಬಾರದು.
- ಅಂಗಡಿಯವರು 'ಇದು ಶುಗರ್‌ನವರಿಗೆ ಅಂತಲೇ ಬಂದಿದ್ದು' ಎಂದರೆ ಅದನ್ನೇ ಪ್ರಮಾಣ ಮಾಡಿಕೊಳ್ಳಬಾರದು.

3. ಲೇಬಲ್ಲಿನ ಸಂಖ್ಯೆಗಳು: ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಳ್ಳಿ

ಚಿಟಿಕೆಯಷ್ಟೇ ಸಾಕಾಗುವ ಸಿಹಿಗಳು, ರಕ್ತದ ಸಕ್ಕರೆಯನ್ನು ನೇರವಾಗಿ ಏರಿಸುವುದಿಲ್ಲ:

- 950 ಅಸಿಸಲ್ಫೇಮ್ ಪೊಟ್ಯಾಶಿಯಂ
- 951 ಆಸ್ಪರ್ಟೇಮ್
- 954 ಸ್ಯಾಕರಿನ್
- 955 ಸುಕ್ರಲೋಸ್
- 960 ಸ್ಟೀವಿಯಾದ ಸಾರ. ನಮ್ಮಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು 2015ರಲ್ಲಿ.
- 961 ನಿಯೋಟೇಮ್

ಪಾಲಿಯಾಲ್‌ಗಳು, ಸಕ್ಕರೆಗಿಂತ ನಿಧಾನವಾಗಿ, ಕಡಿಮೆ ಏರಿಸುತ್ತವೆ. ಆದರೂ ಲೆಕ್ಕಕ್ಕೆ ಬರುತ್ತವೆ:

- 420 ಸಾರ್ಬಿಟಾಲ್
- 421 ಮ್ಯಾನಿಟಾಲ್
- 953 ಐಸೋಮಾಲ್ಟ್
- 965 ಮಾಲ್ಟಿಟಾಲ್. ಶುಗರ್‌ಫ್ರೀ ಚಾಕೊಲೇಟ್, ಬಿಸ್ಕೆಟ್‌ನಲ್ಲಿ ಹೆಚ್ಚಾಗಿ ಸಿಗುವುದು ಇದೇ. ಪಾಲಿಯಾಲ್‌ಗಳಲ್ಲಿ ಹೆಚ್ಚು ಏರಿಸುವುದೂ ಇದೇ.
- 967 ಜೈಲಿಟಾಲ್
- 968 ಎರಿಥ್ರಿಟಾಲ್. ಇದೊಂದು ಸಕ್ಕರೆ ಏರಿಸುವುದಿಲ್ಲ. ಹೃದಯದ ತೊಂದರೆ ಇರುವವರು 8ನೆಯ ಭಾಗ ಓದಿ.

4. ಟೀ, ಕಾಫಿ

ಆಫೀಸಿನ ಟೀ ಮೆಷಿನ್‌ಗೆ ಪುಡಿ ತುಂಬುವ ಹೊತ್ತಿಗೆ ಹೋಗಿ ನಿಲ್ಲಿ. ಬಾಗಿಲು ತೆರೆದಾಗ ಒಂದು ಕಿಲೋ ಪ್ರೀಮಿಕ್ಸ್ ಪ್ಯಾಕೆಟ್ ಕಾಣುತ್ತದೆ. ಅದರ ಬೆನ್ನ ಮೇಲಿನ ಪಟ್ಟಿ ಓದಿ. ಯಾವುದು ಹೆಚ್ಚು ತೂಕವೋ ಅದರ ಹೆಸರು ಮೊದಲು ಬರುತ್ತದೆ. ಸಕ್ಕರೆ ಮೊದಲ ಎರಡು ಹೆಸರಿನೊಳಗಿದ್ದರೆ ಆ ಮೆಷಿನ್‌ನ ಟೀ ನಿಮಗಲ್ಲ. ಸಕ್ಕರೆ ಪುಡಿಯೊಳಗೇ ಇದೆ. ಯಾವ ಬಟನ್ ಒತ್ತಿದರೂ ಲೋಟಕ್ಕೆ ಬೀಳುತ್ತದೆ.

ಮಾಡಬೇಕಾದ್ದು

- ಮೆಷಿನ್‌ನಲ್ಲಿ ಬಿಸಿನೀರು ಮಾತ್ರ ಹಿಡಿದು ಟೀ ಬ್ಯಾಗ್ ಹಾಕಿಕೊಳ್ಳಿ.
- ದರ್ಶಿನಿಯಲ್ಲಿ ಟೋಕನ್ ಕೊಡುವಾಗಲೇ 'ಸಕ್ಕರೆ ಹಾಕಲೇಬೇಡಿ' ಎನ್ನಿ. 'ಸಕ್ಕರೆ ಕಮ್ಮಿ' ಎಂದರೆ ಒಂದು ಚಮಚ ಬಿದ್ದೇ ಬೀಳುತ್ತದೆ.
- ಬೈಟು ಹೇಳಿ. ಹಾಲಿನಲ್ಲೂ 100 ಮಿಲಿಗೆ ಸುಮಾರು 5 ಗ್ರಾಂ ಹಾಲಿನ ಸಕ್ಕರೆ ಇದೆ.
- ಮಾತ್ರೆಯನ್ನು ಲೋಟಕ್ಕೆ ಸುರಿದ ಮೇಲೆ ಹಾಕಿ.
- ದಿನಕ್ಕೆ ಹಾಕಿದ ಮಾತ್ರೆ ಎಣಿಸಿ, ಬರೆದಿಡಿ.
- ಲೋಟಕ್ಕೆ ಎರಡು ಮಾತ್ರೆ ಹಾಕುತ್ತಿದ್ದರೆ ಎರಡು ವಾರದಲ್ಲಿ ಒಂದಕ್ಕೆ ಇಳಿಸಿ, ಆಮೇಲೆ ಅರ್ಧಕ್ಕೆ. ನಾಲಿಗೆ ಒಗ್ಗಿಕೊಳ್ಳುತ್ತದೆ. ಗುರಿ ಇರಬೇಕಾದ್ದು ಸಪ್ಪೆ ಟೀ.

ಮಾಡಬಾರದ್ದು

- ಕ್ಯಾಂಟೀನ್ ಡ್ರಮ್ಮಿನ, ಮೊದಲೇ ಸಕ್ಕರೆ ಬೆರೆತ ಟೀ ಬೇಡ.
- ಅದಕ್ಕೇ ಒಂದು ಶುಗರ್‌ಫ್ರೀ ಮಾತ್ರೆ ಹಾಕಿಕೊಂಡು ಸಮಾಧಾನಪಡುವುದು ಬೇಡ.
- ಬೆಲ್ಲದ ಟೀ, ಬೆಲ್ಲದ ಕಾಫಿ ಬೇಡ.
- ಮಾತ್ರೆ ಹಾಕಿದ ಟೀ ಜೊತೆಗೆ ಬನ್, ರಸ್ಕ್, ಬೋಂಡಾ ಬೇಡ. ಮಾತ್ರೆಯಿಂದ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ.
- ರಾತ್ರಿ ಪಾಳಿಯ ನಿದ್ದೆ ಓಡಿಸಲು ಎನರ್ಜಿ ಡ್ರಿಂಕ್ ಬೇಡ.
- ಊಟ ಬಿಟ್ಟು ಶುಗರ್‌ಫ್ರೀ ಟೀಯಲ್ಲೇ ಪಾಳಿ ಮುಗಿಸುವುದು ಬೇಡ. ಶುಗರ್‌ನ ಔಷಧಿ ನುಂಗಿ ಊಟ ಬಿಟ್ಟರೆ ಲೋ ಆಗಬಹುದು.

5. ಬೆಲ್ಲ, ಜೇನು, ಖರ್ಜೂರ, ಜ್ಯೂಸ್

ಮಾಡಬೇಕಾದ್ದು

- ಇವೆಲ್ಲವನ್ನೂ ಸಕ್ಕರೆ ಎಂದೇ ಎಣಿಸಿ. 100 ಗ್ರಾಂ ಬೆಲ್ಲದಲ್ಲಿ ಸುಮಾರು 85 ಗ್ರಾಂ, 100 ಗ್ರಾಂ ಜೇನಿನಲ್ಲಿ ಸುಮಾರು 80 ಗ್ರಾಂ ಸಕ್ಕರೆಯ ಅಂಶವೇ.
- ಹಣ್ಣನ್ನು ಹಿಂಡದೆ ಹಣ್ಣಾಗಿಯೇ ತಿನ್ನಿ. ಒಂದು ಸೀಬೆ, ಒಂದು ಕಿತ್ತಳೆ.
- ಬಾಯಾರಿದರೆ ನೀರು, ಉಪ್ಪು ಹಾಕಿದ ನೀರು ಮಜ್ಜಿಗೆ ಕುಡಿಯಿರಿ. ಬಿಪಿಯೂ ಇದ್ದರೆ ಉಪ್ಪು ಬಿಡಿ.

ಮಾಡಬಾರದ್ದು

- 'ಸಾವಯವ', 'ಮಂಡ್ಯದ ಅಚ್ಚ ಬೆಲ್ಲ', 'ತಾಳೆ ಬೆಲ್ಲ', 'ತೆಂಗಿನ ಸಕ್ಕರೆ' ಯಾವುದೂ ಬೇಡ.
- ಬೆಳಗ್ಗೆ ಎದ್ದ ಕೂಡಲೇ ಜೇನು-ನಿಂಬೆ ನೀರು ಬೇಡ.
- ಕಬ್ಬಿನ ಹಾಲು ಬೇಡ.
- 'ಸಕ್ಕರೆ ಹಾಕಿಲ್ಲ ಸಾರ್' ಎಂದು ಕೊಡುವ ಹಣ್ಣಿನ ಜ್ಯೂಸ್ ಬೇಡ. ನಾಲ್ಕು ಹಣ್ಣಿನ ಸಕ್ಕರೆ ಒಂದೇ ಲೋಟದಲ್ಲಿದೆ, ನಾರು ಕಸದ ಬುಟ್ಟಿಯಲ್ಲಿದೆ.
- ಇನ್ಸುಲಿನ್ ಗಿಡದ ಎಲೆ, ಮಧುನಾಶಿನಿ, ಹಾಗಲಕಾಯಿ ರಸ ಕುಡಿದೆನೆಂದು ಡಾಕ್ಟರ್ ಕೊಟ್ಟ ಮಾತ್ರೆ ಬಿಡಬಾರದು.

6. ಅಡುಗೆಮನೆ

ಮಾಡಬೇಕಾದ್ದು

- ಪಾಯಸ ಒಲೆಯಿಂದ ಇಳಿಸಿ, ಹಬೆ ತಗ್ಗಿದ ಮೇಲೆ ಬದಲಿ ಸಿಹಿ ಬೆರೆಸಿ.
- ಶುಗರ್ ಇದ್ದವರ ಪಾಲನ್ನು ಬೇರೆ ಬಟ್ಟಲಿಗೆ ತೆಗೆದು ಅದಕ್ಕೆ ಮಾತ್ರ ಹಾಕಿ.
- ಬದಲಿ ಸಿಹಿಯ ಡಬ್ಬಿಯನ್ನೂ ಸಕ್ಕರೆ ಡಬ್ಬಿಯನ್ನೂ ಬೇರೆ ಬೇರೆ ಕಪಾಟಿನಲ್ಲಿಡಿ. ಹೆಸರು ಬರೆದು ಅಂಟಿಸಿ.
- ಗ್ಲೂಕೋಸ್ ಪುಡಿಯನ್ನು ಮನೆಯವರೆಲ್ಲರಿಗೂ ಗೊತ್ತಿರುವ ಒಂದೇ ಜಾಗದಲ್ಲಿಡಿ.

ಮಾಡಬಾರದ್ದು

- ಆಸ್ಪರ್ಟೇಮ್ ಹಾಕಿ ಕುದಿಸಬಾರದು. ಕಾವಿಗೆ ಒಡೆದು ಸಿಹಿ ಕಳೆದುಕೊಳ್ಳುತ್ತದೆ.
- ಸುಕ್ರಲೋಸ್ ಹಾಕಿ ಕರಿಯುವುದು, ಓವನ್‌ನಲ್ಲಿ ಬೇಯಿಸುವುದು ಬೇಡ. ಹೆಚ್ಚು ಕಾವಿನಲ್ಲಿ ಕ್ಲೋರಿನ್ ಸೇರಿದ ಹಾನಿಕರ ವಸ್ತುಗಳು ಹುಟ್ಟಬಹುದೆಂದು ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ 2019ರಲ್ಲಿ ಎಚ್ಚರಿಸಿದೆ.
- 'ಸಕ್ಕರೆ ಇಲ್ಲವಲ್ಲ' ಎಂದು ಎರಡನೇ ಹೋಳಿಗೆಗೆ ಕೈಹಾಕುವುದು ಬೇಡ. ಮೈದಾ, ಬೇಳೆ, ತುಪ್ಪ ಹಾಗೇ ಇವೆ.
- ಮನೆಯ ಮಕ್ಕಳ ಹಾಲಿಗೂ ಅದೇ ಮಾತ್ರೆ ಹಾಕುವುದು ಬೇಡ.
- ಜೈಲಿಟಾಲ್ ಇರುವ ಚೂಯಿಂಗ್ ಗಮ್, ಸಿಹಿ ನಾಯಿಗೆ ಹಾಕಬಾರದು. ಅದರ ಸಕ್ಕರೆ ಕುಸಿದು ಸಾಯಬಹುದು.

7. ಪ್ಯಾಕೆಟ್ ತಿಂಡಿ

ನಿಯಮದ ಪ್ರಕಾರ 100 ಗ್ರಾಂಗೆ 0.5 ಗ್ರಾಂ ಮೀರದಷ್ಟು ಸಕ್ಕರೆ ಇದ್ದರೆ 'ಶುಗರ್ ಫ್ರೀ' ಎಂದು ಬರೆಯಬಹುದು. 'ನೋ ಆ್ಯಡೆಡ್ ಶುಗರ್' ಬೇರೆ: ಮೇಲಿಂದ ಹಾಕಿಲ್ಲ ಎಂದಷ್ಟೇ ಅರ್ಥ, ಹಣ್ಣಿನದೋ ಹಾಲಿನದೋ ಸಕ್ಕರೆ ಒಳಗಿರಬಹುದು. ಎರಡರಲ್ಲೂ ಹಿಟ್ಟಿನ ಮಾತೇ ಇಲ್ಲ.

ಒಂದು ಶುಗರ್‌ಫ್ರೀ ಬಿಸ್ಕೆಟ್ ಪ್ಯಾಕೆಟ್ ಹಿಂಬದಿ ಹೀಗಿದೆ ಎಂದುಕೊಳ್ಳಿ: 100 ಗ್ರಾಂಗೆ ಸಕ್ಕರೆ 0.4 ಗ್ರಾಂ, ಒಟ್ಟು ಕಾರ್ಬೋಹೈಡ್ರೇಟ್ 68 ಗ್ರಾಂ. ನಾಲ್ಕು ಬಿಸ್ಕೆಟ್ 30 ಗ್ರಾಂ ತೂಗಿದರೆ ಒಳಗೆ ಹೋದ ಕಾರ್ಬೋಹೈಡ್ರೇಟ್ 20 ಗ್ರಾಂ. ಸಕ್ಕರೆಯ ಲೆಕ್ಕದಲ್ಲಿ ನಾಲ್ಕು ಚಮಚ.

ಮಾಡಬೇಕಾದ್ದು

- 'ಸಕ್ಕರೆ' ಸಾಲಿನ ಮೇಲಿರುವ 'ಒಟ್ಟು ಕಾರ್ಬೋಹೈಡ್ರೇಟ್' ಸಾಲು ಓದಿ.
- ನೀವು ತಿನ್ನುವ ತೂಕಕ್ಕೆ ಗುಣಿಸಿ.
- ಪಾಲಿಯಾಲ್‌ನಿಂದ ಭೇದಿಯಾಗಬಹುದು ಎಂಬ ಎಚ್ಚರಿಕೆ ಇದೆಯೇ ನೋಡಿ. ಇದ್ದರೆ ಮೊದಲ ದಿನ ಒಂದೇ ತುಂಡು ತಿನ್ನಿ.
- ಮೆಡಿಕಲ್ ಸ್ಟೋರ್‌ನಲ್ಲಿ ಕೆಮ್ಮಿನ ಸಿರಪ್ ಕೇಳುವಾಗ ಶುಗರ್ ಇದೆ ಎಂದು ಹೇಳಿ, ಸಕ್ಕರೆ ಇಲ್ಲದ್ದು ಕೇಳಿ.
- ಪ್ಯಾಕೆಟ್ ಬದಲು ಹುರಿಗಡಲೆ, ಶೇಂಗಾ, ಮೊಳಕೆಕಾಳು ಡಬ್ಬಿಯಲ್ಲಿ ಒಯ್ಯಿರಿ.

ಮಾಡಬಾರದ್ದು

- ಶುಗರ್‌ಫ್ರೀ ಬಿಸ್ಕೆಟ್‌ನ ಪೂರ್ತಿ ಪ್ಯಾಕೆಟ್ ಮೇಜಿನ ಮೇಲೆ ಒಡೆದಿಟ್ಟುಕೊಳ್ಳುವುದು ಬೇಡ.
- ಮಿಠಾಯಿ ಅಂಗಡಿಯ, ಲೇಬಲ್ ಇಲ್ಲದ 'ಶುಗರ್‌ಲೆಸ್ ಸ್ವೀಟ್' ಬೇಡ.
- ಪ್ರೋಟೀನ್ ಪುಡಿ, ಮಾಲ್ಟ್ ಪುಡಿ, ಓಟ್ಸ್ ಬಾರ್ ಲೇಬಲ್ ಓದದೆ ಕೊಳ್ಳಬಾರದು.
- ಮೆಟ್ಫಾರ್ಮಿನ್‌ನಿಂದ ಆಗಲೇ ಹೊಟ್ಟೆ ಕೆಟ್ಟಿದ್ದರೆ ಪಾಲಿಯಾಲ್ ತಿಂಡಿ ಬೇಡ.

8. ಯಾರಿಗೆ ಯಾವುದು ಬೇಡ

ಮಾಡಬೇಕಾದ್ದು

- ಗರ್ಭಿಣಿಯಾಗಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ ಯಾವ ಬದಲಿ ಸಿಹಿಯನ್ನಾದರೂ ಡಾಕ್ಟರನ್ನು ಕೇಳಿಯೇ ಬಳಸಿ.
- ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಆಗಿದ್ದರೆ ಡಬ್ಬಿಯಲ್ಲಿ 968 ಹುಡುಕಿ. ರಕ್ತದಲ್ಲಿ ಎರಿಥ್ರಿಟಾಲ್ ಹೆಚ್ಚಿದ್ದವರಲ್ಲಿ ಇವೆರಡೂ ಹೆಚ್ಚು ಕಂಡವು ಎಂದು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ತಂಡ 2023ರಲ್ಲಿ ವರದಿ ಮಾಡಿದೆ. ಅದೇ ಕಾರಣ ಎಂದು ಸಾಬೀತಾಗಿಲ್ಲ. ಬೇರೆ ಆಯ್ಕೆ ಇರುವಾಗ ಬೇರೆಯದನ್ನೇ ಕೊಳ್ಳಿ.
- ಕ್ಯಾನ್ಸರ್ ಭಯವಿದ್ದರೆ ಅಂಕಿ ತಿಳಿಯಿರಿ. ಜುಲೈ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಆಸ್ಪರ್ಟೇಮನ್ನು 'ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು' ಎಂಬ 2ಬಿ ಗುಂಪಿಗೆ ಸೇರಿಸಿತು. ಸಾಕ್ಷ್ಯ ಸೀಮಿತ ಎಂದೂ ಹೇಳಿತು. ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿ ಬದಲಾಗಲಿಲ್ಲ. 70 ಕಿಲೋ ತೂಗುವವರು ಅದನ್ನು ದಾಟಲು ದಿನಕ್ಕೆ 9ರಿಂದ 14 ಕ್ಯಾನ್ ಡಯಟ್ ಕೂಲ್‌ಡ್ರಿಂಕ್ ಕುಡಿಯಬೇಕು.

ಮಾಡಬಾರದ್ದು

- ಗರ್ಭಿಣಿಯರಿಗೆ ಸ್ಯಾಕರಿನ್ ಬೇಡ. ಮಾಸನ್ನು ದಾಟಿ ಮಗುವನ್ನು ತಲುಪುತ್ತದೆ.
- ಫಿನೈಲ್‌ಕೀಟೋನೂರಿಯಾ ಎಂಬ ಹುಟ್ಟುಕಾಯಿಲೆ ಇದ್ದವರಿಗೆ ಆಸ್ಪರ್ಟೇಮ್ ಬೇಡ.
- ತೂಕ ಇಳಿಸಲೆಂದು ಶುಗರ್ ಇಲ್ಲದವರು ಬದಲಿ ಸಿಹಿ ಶುರು ಮಾಡುವುದು ಬೇಡ. ಅದಕ್ಕಾಗಿ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮೇ 2023ರಲ್ಲೇ ಹೇಳಿದೆ. ಆಗಲೇ ಶುಗರ್ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ ಎಂದೂ ಅದರಲ್ಲೇ ಇದೆ.
- ವಾಟ್ಸ್ಯಾಪ್ ಸಂದೇಶ ನೋಡಿ ಹೆದರಿ ಮತ್ತೆ ಸಕ್ಕರೆಗೆ ಮರಳುವುದು ಬೇಡ.

9. ಮಾತ್ರೆ, ಇನ್ಸುಲಿನ್, ಪರೀಕ್ಷೆ

ಮಾಡಬೇಕಾದ್ದು

- ದಿನಕ್ಕೆ ಐದಾರು ಲೋಟ ಸಕ್ಕರೆ ಟೀ ಕುಡಿಯುತ್ತಿದ್ದವರು ಒಮ್ಮೆಲೇ ಬದಲಿ ಸಿಹಿಗೆ ತಿರುಗುವ ಮೊದಲು ಡಾಕ್ಟರಿಗೆ ಹೇಳಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್, ಇನ್ಸುಲಿನ್ ಬಳಸುವವರು ತಪ್ಪದೆ ಹೇಳಿ. ಹಳೆಯ ಡೋಸ್ ಹಳೆಯ ಸಕ್ಕರೆಗೆ ಲೆಕ್ಕ ಹಾಕಿದ್ದು.
- ಬದಲಾಯಿಸಿದ ಮೊದಲ ವಾರ ಮೀಟರ್‌ನಲ್ಲಿ ಹೆಚ್ಚು ಸಲ ಪರೀಕ್ಷಿಸಿ: ಬರಿಹೊಟ್ಟೆಯಲ್ಲಿ ಒಮ್ಮೆ, ಊಟವಾಗಿ ಎರಡು ಗಂಟೆಗೆ ಒಮ್ಮೆ, ಪಾಳಿ ನಡುವೆ ಒಮ್ಮೆ.
- ಹೊಸ 'ಶುಗರ್‌ಫ್ರೀ' ತಿಂಡಿ ತಿಂದ ದಿನ ಎರಡು ಗಂಟೆ ಬಿಟ್ಟು ಪರೀಕ್ಷಿಸಿ. 180 ದಾಟಿದರೆ ಆ ತಿಂಡಿ ನಿಮ್ಮದಲ್ಲ.
- ಮೂರು ತಿಂಗಳ ಸರಾಸರಿ ತೋರುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ.
- ಇಎಸ್‌ಐ ಕಾರ್ಡ್ ಇದ್ದರೆ ಇಎಸ್‌ಐ ಡಿಸ್ಪೆನ್ಸರಿಗೆ, ಪೀಣ್ಯದವರು ಪೀಣ್ಯದ ಇಎಸ್‌ಐ ಆಸ್ಪತ್ರೆಗೆ ಹೋಗಿ. ಕಾರ್ಡ್ ಇಲ್ಲದಿದ್ದರೆ ಹತ್ತಿರದ ನಮ್ಮ ಕ್ಲಿನಿಕ್‌ಗೆ ಹೋಗಿ.

ಮಾಡಬಾರದ್ದು

- ಸಕ್ಕರೆ ಬಿಟ್ಟೆನೆಂದು ಮಾತ್ರೆ ಬಿಡಬಾರದು.
- ಪಾಳಿ ಬದಲಾದಾಗ ಡೋಸಿನ ಹೊತ್ತನ್ನು ನೀವೇ ಬದಲಿಸಬಾರದು.
- ಮೀಟರ್‌ನಲ್ಲಿ ಒಂದು ದಿನ ಒಳ್ಳೆಯ ಅಂಕಿ ಬಂತೆಂದು ಪರೀಕ್ಷೆ ನಿಲ್ಲಿಸುವುದು ಬೇಡ.
- ಸಹೋದ್ಯೋಗಿಯ ಮಾತ್ರೆ, ಸಹೋದ್ಯೋಗಿಯ ಡೋಸ್ ಬೇಡ.

10. ಆಯುಧಪೂಜೆ, ಹಬ್ಬ, ಬರ್ತ್‌ಡೇ

ಮಾಡಬೇಕಾದ್ದು

- ಆಯುಧಪೂಜೆಯ ದಿನ ಲೇತ್ ಮುಂದೆ ಕೊಟ್ಟ ಸ್ವೀಟ್ ಬಾಕ್ಸ್ ಮುಚ್ಚಿದಂತೆಯೇ ಮನೆಗೆ ಒಯ್ಯಿರಿ. ಕಡಲೆಪುರಿ ಒಂದು ಹಿಡಿ ತಿನ್ನಿ.
- ಯುಗಾದಿಯ ಬೇವು-ಬೆಲ್ಲ ಚಿಟಿಕೆಯಷ್ಟು, ಸಂಕ್ರಾಂತಿಯ ಎಳ್ಳು-ಬೆಲ್ಲ ಒಂದು ಚಮಚ ತಗೊಳ್ಳಿ. ಶಾಸ್ತ್ರಕ್ಕೆ ಅಷ್ಟು ಸಾಕು.
- ಸಿಹಿ ತಿನ್ನಲೇಬೇಕಾದ ದಿನ ಆ ಊಟದ ಅನ್ನ ಅರ್ಧಕ್ಕೆ ಇಳಿಸಿ.

ಮಾಡಬಾರದ್ದು

- 'ಇವತ್ತೊಂದು ದಿನ' ಎಂದು ಒತ್ತಾಯ ಮಾಡಬಾರದು.
- ಸಕ್ಕರೆ ಅಚ್ಚು ಬೇಡ.
- ನಾಳೆ ಎರಡು ಮಾತ್ರೆ ನುಂಗಿದರಾಯಿತು ಎಂಬ ಲೆಕ್ಕ ಬೇಡ.

11. ಕ್ಯಾಂಟೀನ್ ನಡೆಸುವವರಿಗೆ, ಸೂಪರ್‌ವೈಸರ್‌ಗೆ, ಎಚ್‌ಆರ್‌ಗೆ

ಮಾಡಬೇಕಾದ್ದು

- ಸಕ್ಕರೆ ಇಲ್ಲದ ಟೀಗೆ ಬೇರೆ ಫ್ಲಾಸ್ಕ್ ಇಡಿ. ಕನ್ನಡ, ಹಿಂದಿ, ತಮಿಳು, ತೆಲುಗಿನಲ್ಲಿ ಚೀಟಿ ಅಂಟಿಸಿ.
- ಪ್ರೀಮಿಕ್ಸ್ ಪ್ಯಾಕೆಟ್‌ನ ಹಿಂಬದಿಯನ್ನು ಕತ್ತರಿಸಿ ಮೆಷಿನ್ ಮೇಲೆ ಅಂಟಿಸಿ.
- ಪ್ರತಿ ಫ್ಲೋರ್‌ನ, ಪ್ರತಿ ಶೆಡ್‌ನ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಗ್ಲೂಕೋಸ್ ಪುಡಿ, ಲೋಟ, ಚಮಚ ಇಡಿ.
- ಪ್ರತಿ ಪಾಳಿಯಲ್ಲೂ ಲೋ ಶುಗರ್ ಗುರುತಿಸಬಲ್ಲ ಇಬ್ಬರನ್ನು ತಯಾರು ಮಾಡಿ.
- ಇನ್ಸುಲಿನ್ ಬಳಸುವವರಿಗೆ ಊಟದ ಬಿಡುವು ಹೊತ್ತಿಗೆ ಸರಿಯಾಗಿ ಕೊಡಿ.

ಮಾಡಬಾರದ್ದು

- ಒಂದೇ ಸೌಟಿನಲ್ಲಿ ಎರಡೂ ಟೀ ಬಡಿಸಬಾರದು.
- ಟಾರ್ಗೆಟ್ ಹೆಸರಿನಲ್ಲಿ ಊಟದ ಬಿಡುವು ಮುಂದೂಡಬಾರದು.
- ಶುಗರ್ ಇದೆ ಎಂದು ಹೇಳಿದವರನ್ನು ಕೆಲಸದಿಂದ ತೆಗೆಯುವ ಮಾತು ಬೇಡ. ಒಬ್ಬರನ್ನು ಹೆದರಿಸಿದರೆ ಹತ್ತು ಜನ ಮುಚ್ಚಿಡುತ್ತಾರೆ.

ಇಂದೇ ಮಾಡಿ

- ಮಾತ್ರೆಯ ಹಾಳೆ ಓದಿ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇದೆಯೇ ಬರೆದಿಟ್ಟುಕೊಳ್ಳಿ.
- ಪಕ್ಕದಲ್ಲಿ ಕೆಲಸ ಮಾಡುವ ಒಬ್ಬರಿಗೆ 'ನನಗೆ ಶುಗರ್ ಇದೆ' ಎಂದು ಹೇಳಿ. ಗ್ಲೂಕೋಸ್ ಎಲ್ಲಿದೆ ತೋರಿಸಿ.
- ಬದಲಿ ಸಿಹಿಯ ಡಬ್ಬಿ ಬಲ ಜೇಬಿನಲ್ಲಿಡಿ, ಗ್ಲೂಕೋಸ್ ಪೊಟ್ಟಣ ಎಡ ಜೇಬಿನಲ್ಲಿಡಿ.
- ಎರಡನ್ನೂ ಒಂದೇ ಜೇಬಿನಲ್ಲಿಡುವುದು ಬೇಡ. ಕೈ ನಡುಗುವಾಗ, ಕಣ್ಣು ಮಂಜಾದಾಗ ಡಬ್ಬಿಯ ಮೇಲಿನ ಹೆಸರು ಓದಲಾಗದು.